ಜಿಂಕಲಕೊಂಡದಿಂದ ಇಳಿದ ಮೇಲೆ

ಶ್ರೀನಿವಾಸಪುರ
3 ಅಕ್ಟೋಬರ್ 2024

ವೇಣುಗೋಪಾಲ್,

ಮೊದಲು ‘ಪ್ರಿಯ ವೇಣು’ ಎಂದು ಬರೆದಿದ್ದೆ. ಆ ಹಾಳೆ ಹರಿದು ಹಾಕಿದೆ. ನಿನ್ನ ನಂಬರು ಬ್ಲಾಕ್ ಮಾಡಿದ್ದೇನೆ, ಫೋನು ಮಾಡಿ ಪ್ರಯೋಜನವಿಲ್ಲ. ಫೋನಿನಲ್ಲಾದರೆ ನೀನು ‘ಸಾದಿಕ್, ಸ್ವಲ್ಪ ಕೇಳೋ ಇಲ್ಲಿ’ ಎಂದು ಮೆಲ್ಲಗೆ ಶುರುಮಾಡುತ್ತೀಯ, ನಾನು ಕರಗಿಬಿಡುತ್ತೇನೆ. ಹಾಸ್ಟೆಲಿನ ಕಾಲದಿಂದ ಮೂವತ್ತು ವರ್ಷ ಇದೇ ಆಗಿದೆ. ಕಾಗದದಲ್ಲಿ ನಿನ್ನ ದನಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಮಂಗಳವಾರ ನಡೆದದ್ದನ್ನೆಲ್ಲ ಬರೆದಿಡುತ್ತೇನೆ. ನೀನು ಮರೆತಿದ್ದೀಯ ಎಂದಲ್ಲ. ನಿನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಂಡಿರುತ್ತೀಯ, ಅದಕ್ಕೆ.

ಬೆಟ್ಟಕ್ಕೆ ಹೋಗೋಣ ಎಂದವನು ನೀನು. ಮಾವಿನ ಸುಗ್ಗಿ ಮುಗಿದು ಮಂಡಿ ಮುಚ್ಚಿತ್ತು, ನನಗೆ ಪುರುಸೊತ್ತಿತ್ತು, ಒಪ್ಪುತ್ತೇನೆ. ಆದರೆ ಡಿಸೆಂಬರಿನಲ್ಲಿ ಹೋಗೋಣ, ಆಗ ಮಂಜು ಇರುತ್ತದೆ, ಜನ ಬರುತ್ತಾರೆ, ಬಿಸಿಬಿಸಿ ಬಜ್ಜಿ ಸಿಗುತ್ತದೆ ಎಂದು ನಾನು ಹೇಳಿದೆ. ‘ಜನ ನೋಡೋಕೆ ಬೆಟ್ಟ ಯಾಕ್ಲಾ, ಸಂತೆಗೇ ಹೋಗ್ಬೋದಲ್ಲ’ ಎಂದೆ ನೀನು. ಜನ ಇದ್ದಿದ್ದರೆ ಇವತ್ತು ನನಗೆ ಸಾಕ್ಷಿ ಇರುತ್ತಿತ್ತು.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಾರಿಗೆ ಹತ್ತಿಸಿಕೊಂಡೆ. ಮುಳಬಾಗಿಲಿನಲ್ಲಿ ದೋಸೆ ತಿಂದೆವು. ನಂಗಲಿ ದಾಟಿ ಆಂಧ್ರದೊಳಗೆ ಹೋಗಿ, ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಜಿಂಕಲಕೊಂಡದ ಪಾರ್ಕ್ ಗೇಟಿಗೆ ಬಂದರೆ ಟಿಕೆಟ್ ಕೊಡುವವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಅಷ್ಟು ದೊಡ್ಡ ಪಾರ್ಕಿಂಗಿನಲ್ಲಿ ನನ್ನ ಕಾರು ಒಂದೇ. ಬಜ್ಜಿ ಅಂಗಡಿಗಳಿಗೆ ಟಾರ್ಪಾಲು ಹೊದಿಸಿ ಕಟ್ಟಿದ್ದರು. ಅಲ್ಲಿಂದ ಮೇಲಿನ ಬಂಡೆಗೆ ಎರಡು ಮೈಲಿ ನಡಿಗೆ. ಅರ್ಧ ದಾರಿಗೇ ನಿನ್ನ ಮೊಣಕಾಲು ಹಿಡಿದುಕೊಂಡಿತು, ನಿನ್ನ ಚೀಲ ನಾನು ಹೊತ್ತೆ. ಅದರಲ್ಲಿ ಸುತ್ತಿಗೆ, ಉಳಿ. ನೆಂಟರ ಮನೆ ಊಟಕ್ಕೆ ಹೋದರೂ ಸುತ್ತಿಗೆ ಬಿಟ್ಟು ಹೋಗದ ಶಿಲ್ಪಿ ನೀನು.

ಮೇಲೆ ಹೋದವನೇ ಮೊಣಕಾಲು ಮರೆತೆ. ಒಂದೊಂದು ಬಂಡೆಗೂ ತಟ್ಟಿ ಕಿವಿಗೊಟ್ಟೆ. ‘ಇದು ಗಂಡು ಕಲ್ಲು ಕಣೋ, ಗಂಟೆ ಹಂಗೆ ಮಾತಾಡುತ್ತೆ ಕೇಳು’ ಎಂದು ಮುಖ ಅರಳಿಸಿಕೊಂಡೆ. ಅದರದೊಂದು ಚೂರು ಬೇಕೆಂದೆ. ಚೂರು ಎಬ್ಬಿಸುವ ಮುಂಚೆ ಕಲ್ಲಿನ ಅಪ್ಪಣೆ ಕೇಳಬೇಕು, ಅದು ನಿಮ್ಮ ಮನೆತನದ ಪದ್ಧತಿ. ನೀನು ಅರಿಶಿನ ಕುಂಕುಮ ಹಚ್ಚಿದೆ, ಕರ್ಪೂರ ಇಟ್ಟೆ. ಗಾಳಿಗೆ ಅದು ಹತ್ತಲಿಲ್ಲ. ಎರಡೂ ಕೈ ಅಡ್ಡ ಹಿಡಿದು ಹಚ್ಚಿಕೊಟ್ಟವನು ನಾನು. ಪಕ್ಕದಲ್ಲಿ ಮೆಹ್ರೀನ್ ಕಟ್ಟಿಕೊಟ್ಟ ಪುಲಾವಿನ ಡಬ್ಬಿ, ಹೆಚ್ಚಿಟ್ಟ ನಿಂಬೆಹಣ್ಣು. ‘ಇದನ್ನ ಹಿಡ್ಕೊಂಡಿರು, ಕೂತ್ಕೊಂಡು ಇಸ್ಕೋತೀನಿ’ ಎಂದು ಸುತ್ತಿಗೆ ನನ್ನ ಕೈಗೆ ಕೊಟ್ಟೆ. ಅಷ್ಟರಲ್ಲಿ ಗಾರ್ಡು ಬಂದ.

ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲೆ ಕುಂಕುಮ, ಉರಿಯುವ ಕರ್ಪೂರ, ಹೆಚ್ಚಿದ ನಿಂಬೆಹಣ್ಣು, ಸುತ್ತಿಗೆ ಹಿಡಿದು ನಿಂತ ಗಡ್ಡದ ಮನುಷ್ಯ. ‘ನಿಧಿ ತವ್ವೇದಾನಿಕಿ ವಚ್ಚಿನಾರಾ?’ ಎಂದ. ನಿಧಿ ಅಗೆಯಲು ಬಂದಿದ್ದೀರಾ ಎಂದು ಕೇಳಿದ್ದು ನನ್ನನ್ನು. ನನಗೆ ನಗು ಬಂತು, ನಿಜವಾಗಿಯೂ ನಕ್ಕುಬಿಟ್ಟೆ.

ಕೆಳಗೆ ಪಾರ್ಕಿನ ಆಫೀಸಿನಲ್ಲಿ ಯಾರೂ ನಗಲಿಲ್ಲ. ಸಾಹೇಬರು ನಿನ್ನ ಹಣೆಯ ವಿಭೂತಿ ನೋಡಿದರು, ಕೈಯ ಕಂಕಣ ನೋಡಿದರು. ‘ಸುತ್ತಿಗೆ ಯಾರದು?’ ಎಂದರು. ನಾನು ನಿನ್ನ ಮುಖ ನೋಡಿದೆ. ನೀನು ನೆಲ ನೋಡಿದೆ. ‘ಇವರದು ಸಾರ್’ ಎಂದು ನಾನೇ ಹೇಳಿದೆ, ಅವರು ನಂಬಲಿಲ್ಲ. ನಿನ್ನನ್ನು ‘ಸ್ವಾಮಿ, ನೀವು ಪಕ್ಕದ ರೂಮಲ್ಲಿ ಕೂತ್ಕೊಳ್ಳಿ’ ಎಂದು ಕಳಿಸಿದರು. ನನ್ನನ್ನು ಸಂಜೆ ಐದರವರೆಗೆ ನಿಲ್ಲಿಸಿಕೊಂಡರು. ಸುತ್ತಿಗೆ ಕೈಗೆ ಕೊಟ್ಟು ಫೋಟೋ ತೆಗೆದರು. ಸುತ್ತಿಗೆ, ನನ್ನ ಲೈಸೆನ್ಸ್ ಎರಡೂ ಇಟ್ಟುಕೊಂಡು ನಮ್ಮನ್ನು ಬಿಟ್ಟರು. ನಿನ್ನನ್ನು ಕೋಲಾರದವರೆಗೂ ಕರೆತಂದು ಬಿಟ್ಟವನೂ ನಾನೇ.

ಆ ಫೋಟೋ ಈಗ ನಮ್ಮೂರಿನ ಎಲ್ಲ ವಾಟ್ಸಾಪ್ ಗ್ರೂಪಿನಲ್ಲಿದೆ. ‘ನಿಧಿಗಳ್ಳ ಸಿಕ್ಕಿಬಿದ್ದ’ ಎಂದು ಮೇಲೆ ಬರೆದಿದ್ದಾರೆ. ಅದರಲ್ಲಿ ನೀನು ಇಲ್ಲ.

ನಾನು ಕೇಳುವುದು ಒಂದೇ. ಯಲ್ದೂರಿಗೆ ಬಾ. ನನಗೆ ಮಾವಿನ ತೋಟ ಗುತ್ತಿಗೆ ಕೊಡುವ ರೈತರ ಮುಂದೆ ನಿಂತು, ಸುತ್ತಿಗೆ ನಿನ್ನದು, ಪೂಜೆ ನಿನ್ನದು ಎಂದು ನಿನ್ನ ಬಾಯಿಂದ ಹೇಳು. ಐದು ನಿಮಿಷದ ಕೆಲಸ.

ಸಾದಿಕ್


ಶಿವಾರಪಟ್ಟಣ
15 ಅಕ್ಟೋಬರ್ 2024

ಗೆಳೆಯ ಸಾದಿಕ್,

ನಿನ್ನ ಕಾಗದವನ್ನು ಮನೆಯಲ್ಲಿ ಶಾಮಲ ಓದಬಾರದೆಂದು ಕೆಲಸದ ಶೆಡ್ಡಿನಲ್ಲಿ ಕೂತು ಓದಿದೆ. ಆಯುಧಪೂಜೆಗೆ ಎಲ್ಲ ಉಳಿ ಸುತ್ತಿಗೆಗಳನ್ನು ತೊಳೆದು ಸಾಲಾಗಿ ಇಟ್ಟಾಗ ಒಂದು ಜಾಗ ಖಾಲಿ ಇತ್ತು. ಅಲ್ಲಿಡುವ ಸುತ್ತಿಗೆ ಎಲ್ಲಿ ಎಂದು ಮಗಳು ಶಿವಾನಿ ಕೇಳಿದಳು. ಕಳೆದುಹೋಯಿತು ಎಂದೆ.

ನಿನ್ನ ಕೋಪ ನ್ಯಾಯವಾದದ್ದು. ಆದರೆ ನನ್ನ ಸ್ಥಿತಿಯನ್ನೂ ಸ್ವಲ್ಪ ನೋಡು. ಮಾಲೂರಿನ ಹತ್ತಿರದ ಹಳ್ಳಿಗೆ ಐದಡಿಯ ಆಂಜನೇಯನನ್ನು ಕೆತ್ತುತ್ತಿದ್ದೇನೆಂದು ನಿನಗೆ ಗೊತ್ತು. ಕಂಕಣ ಕಟ್ಟಿಕೊಂಡು ಹಿಡಿದ ಕೆಲಸ. ಮಾಘಮಾಸದಲ್ಲಿ ಪ್ರತಿಷ್ಠೆ. ಅದಕ್ಕೆ ಮುಂಚೆ ಮೂರ್ತಿಗೆ ಕಣ್ಣು ಬರೆಯಬೇಕು. ಕಣ್ಣು ಬರೆಯುವವನ ಮೇಲೆ ಒಂದು ಸಣ್ಣ ಅಪವಾದವೂ ಇರಕೂಡದು. ಪಾರ್ಕಿನಲ್ಲಿ ಒಂದು ಚೂರು ಕಲ್ಲು ಎಬ್ಬಿಸಿದರೂ ಕೇಸು ಎಂದು ಆ ಗಾರ್ಡು ದಾರಿಯುದ್ದಕ್ಕೂ ಹೇಳುತ್ತಿದ್ದ. ನನ್ನ ಹೆಸರು ಬಂದಿದ್ದರೆ ದೇವಸ್ಥಾನದ ಕಮಿಟಿಯ ಕಾಂತರಾಜ್ ಮರುದಿನವೇ ಬೇರೆ ಶಿಲ್ಪಿಯನ್ನು ಕರೆಸುತ್ತಿದ್ದರು. ನಮ್ಮಪ್ಪ ಇಡೀ ಆಯುಷ್ಯ ಮೆಟ್ಟಿಲು, ಕಂಬ, ಒರಳು ಹೊಡೆದೇ ಸತ್ತರು. ಗರ್ಭಗುಡಿಯೊಳಗೆ ನಿಲ್ಲುವ ಮೂರ್ತಿ ನಮ್ಮ ಮನೆಗೆ ಬಂದದ್ದು ಇದೇ ಮೊದಲು.

ನೀನು ಮಾತುಗಾರ. ತೆಲುಗು ನೀರು ಕುಡಿದ ಹಾಗೆ ಮಾತಾಡುತ್ತೀಯ. ಹೇಗೋ ಬಿಡಿಸಿಕೊಂಡು ಬರುತ್ತೀಯ ಎಂದುಕೊಂಡೆ. ಫೋಟೋ ತೆಗೆಯುತ್ತಾರೆ, ಊರೆಲ್ಲ ಹಂಚುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಎಲ್ಲವನ್ನೂ ನನ್ನೊಬ್ಬನ ತಲೆಗೇ ಕಟ್ಟಬೇಡ. ಬಂಡೆಯ ಮೇಲೆ ನಿಂಬೆಹಣ್ಣು ಹೆಚ್ಚಿಟ್ಟವನು ನಾನಲ್ಲ.

ಮೂರ್ತಿಗೆ ಕಣ್ಣು ಬರೆದ ಮರುದಿನವೇ ಯಲ್ದೂರಿಗೆ ಬರುತ್ತೇನೆ. ನೂರು ಜನರ ಮುಂದೆ ನಿಲ್ಲಿಸು, ನಿಲ್ಲುತ್ತೇನೆ. ಫೆಬ್ರವರಿವರೆಗೆ ತಾಳಿಕೋ. ಮೆಹ್ರೀನ್ ಭಾಭಿಗೆ ನನ್ನ ನಮಸ್ಕಾರ.

ನಿನ್ನ
ವೇಣು


ಶ್ರೀನಿವಾಸಪುರ
22 ಅಕ್ಟೋಬರ್ 2024

ವೇಣುಗೋಪಾಲ್,

ಮೆಹ್ರೀನ್‌ಗೆ ನಿನ್ನ ನಮಸ್ಕಾರ ತಲುಪಿಸಲಿಲ್ಲ. ನಿಂಬೆಹಣ್ಣಿನ ವಿಷಯ ತಲುಪಿಸಿದೆ. ‘ಊಟಕ್ಕೆ ಕಟ್ಟಿಕೊಟ್ಟಿದ್ದಕ್ಕೆ ನಾನೇ ಮಾಟಗಾತಿ ಆದ್ನಾ’ ಎಂದು ಪಾತ್ರೆ ಕುಕ್ಕಿದಳು.

ನಿನ್ನ ದೇವರಿಗೆ ಕಣ್ಣು ಬರುವವರೆಗೆ ನಾನು ಕಳ್ಳನಾಗಿರಬೇಕು, ಅಲ್ಲವಾ? ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೀಯ. ನಿನ್ನ ಮೂರ್ತಿಗೆ ಮಾಘಮಾಸ. ನನ್ನ ಕೆಲಸಕ್ಕೆ ಯಾವ ಮಾಸ ಗೊತ್ತಾ? ಸಂಕ್ರಾಂತಿಯ ಹೊತ್ತಿಗೆ ಮಾವು ಹೂವಾಗುತ್ತದೆ. ಆಗ ನಾನು ತೋಟದೊಳಗೆ ಒಂದೊಂದೇ ಮರದ ಕೆಳಗೆ ನಡೆದು, ಹೂವು ನೋಡಿ, ಅಲ್ಲೇ ನಿಂತು ಮಾತು ಮುಗಿಸಬೇಕು. ಪತ್ರವಿಲ್ಲ, ಸ್ಟಾಂಪಿಲ್ಲ, ಬರಿ ಮಾತು. ಅಲ್ಲಿ ತಪ್ಪಿದರೆ ಆ ವರ್ಷವೇ ಹೋಯಿತು. ನೀನು ಫೆಬ್ರವರಿಯಲ್ಲಿ ಬಂದು ಯಾರಿಗೆ ಹೇಳುತ್ತೀಯ, ಬೇರೆ ವ್ಯಾಪಾರಿಗಳಿಗಾ?

ನಿನಗೆ ಯಲ್ದೂರಿನ ಭಾರತಮ್ಮನವರು ಗೊತ್ತು. ಹತ್ತೊಂಬತ್ತು ವರ್ಷದಿಂದ ಅವರ ತೋಟ ನನ್ನದೇ. ಹೋದ ಶುಕ್ರವಾರ ಮರಕ್ಕೆ ಔಷಧಿ ಹೊಡೆಸುವ ವಿಷಯ ಮಾತಾಡಲು ಹೋಗಿದ್ದೆ. ಬೇಲಿ ಗೇಟಿನ ಹತ್ತಿರವೇ ಬಂದು ನಿಂತರು. ಆ ತೋಟದ ಮಧ್ಯೆ ಹಳೇ ಮುನೇಶ್ವರನ ಕಲ್ಲಿದೆ, ಅದರ ಕೆಳಗೆ ಹೊನ್ನಿದೆ ಎಂದು ಊರವರ ಕಥೆ. ಅದೇ ಕಲ್ಲಿನ ಪಕ್ಕ ಕೂತು ನಾನು ಅವರ ಕೈಯ ಊಟ ಉಂಡಿದ್ದೇನೆ.

‘ಒಳಗ್ ಬರ್ಬೇಡಿ ಸಾಬ್ರೇ, ಇಲ್ಲೇ ಹೇಳಿ’ ಎಂದರು.

‘ಯಾಕಮ್ಮಾ?’

‘ಏನಿಲ್ಲ. ನಮ್ ಹುಡ್ಗ್ರು ಬ್ಯಾಡ ಅಂತಾರೆ.’

ಅಷ್ಟೇ. ಬೈದಿದ್ದರೆ ತಿರುಗಿ ಕೂಗಾಡುತ್ತಿದ್ದೆ. ಅವರು ಬೈಯಲಿಲ್ಲ, ಬೇಲಿಯ ತಂತಿ ಹಿಡಿದು ಬೇರೆ ಕಡೆ ನೋಡುತ್ತಾ ನಿಂತಿದ್ದರು. ಔಷಧಿಯ ಮಾತು ಬೇಲಿಯಾಚೆಯಿಂದಲೇ ಆಡಿ ಬಂದೆ.

ಸಂಕ್ರಾಂತಿಯೊಳಗೆ ಬಾ. ಇಲ್ಲದಿದ್ದರೆ ಬರಲೇಬೇಡ.

ಸಾದಿಕ್


ಶ್ರೀನಿವಾಸಪುರ
29 ನವೆಂಬರ್ 2024

ವೇಣುಗೋಪಾಲ್ ಎಂಬುವರಿಗೆ,

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಈ ಕಾಗದ ಉತ್ತರಕ್ಕಾಗಿ ಅಲ್ಲ.

ನಿನ್ನೆ ಲೈಸೆನ್ಸ್ ಬಿಡಿಸಿಕೊಳ್ಳಲು ಜಿಂಕಲಕೊಂಡದ ಆಫೀಸಿಗೆ ಹೋಗಿದ್ದೆ. ಸಾಹೇಬರು ಇರಲಿಲ್ಲ. ಕದಿರೇಶ್ ಎಂಬ ಗುಮಾಸ್ತ ಇದ್ದ, ಒಳ್ಳೆಯವನು, ಟೀ ತರಿಸಿದ. ಫೈಲು ತೆಗೆದು ಒಂದು ಹಾಳೆ ನನ್ನ ಮುಂದೆ ಹಿಡಿದ. ‘ನಿಮ್ಮ ಜೊತೆ ಬಂದೋರು ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ, ಇಲ್ಲಿ ಯಾರಿಗೂ ಸರಿಯಾಗಿ ಓದಕ್ಕಾಗಿಲ್ಲ. ನೀವೇ ಓದಿ ತೆಲುಗಲ್ಲಿ ಹೇಳ್ತೀರಾ, ಫೈಲಿಗೆ ಸೇರಿಸಬೇಕು’ ಎಂದು ತನ್ನ ತೆಲುಗಿನಲ್ಲಿ ಕೇಳಿದ.

ನಿನ್ನ ಅಕ್ಷರ. ಪಿಯುಸಿಯಲ್ಲಿ ಎರಡು ವರ್ಷ ನಿನ್ನ ನೋಟ್ಸು ನಕಲು ಮಾಡಿ ಪಾಸಾದವನು ನಾನು, ಕತ್ತಲಲ್ಲಿ ಕೊಟ್ಟರೂ ಗುರುತು ಹಿಡಿಯುತ್ತೇನೆ.

‘ಸದರಿ ಸುತ್ತಿಗೆ, ಉಳಿ ಹಾಗೂ ಪೂಜಾ ಸಾಮಾನುಗಳು ನನ್ನವಲ್ಲ. ನನ್ನ ಜೊತೆ ಬಂದ ಸಾದಿಕ್ ಎಂಬುವರವು. ಅವರ ಉದ್ದೇಶ ನನಗೆ ತಿಳಿದಿರುವುದಿಲ್ಲ.’ ಕೆಳಗೆ ನಿನ್ನ ಸಹಿ.

ನಾನು ಇಷ್ಟು ದಿನ ನೀನು ಸುಮ್ಮನಿದ್ದೆ ಎಂದುಕೊಂಡು ಬೈಯುತ್ತಿದ್ದೆ! ಸುಮ್ಮನಿದ್ದದ್ದಕ್ಕೇ ಇಷ್ಟು ಕೋಪವಾದರೆ ಇದಕ್ಕೆ ಎಷ್ಟು ಕೋಪ ಬರಬೇಕು, ನನ್ನ ಹತ್ತಿರ ಅಷ್ಟು ಇಲ್ಲವೇ ಇಲ್ಲ. ಎಂಬುವರು! ನಿನ್ನ ಮದುವೆಯಲ್ಲಿ ಊಟದ ಪಂಕ್ತಿ ನೋಡಿಕೊಂಡವನು ‘ಎಂಬುವರು’. ಶಿವಾನಿ ಹುಟ್ಟಿದಾಗ ಶಾಮಲಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಕಾರು ‘ಎಂಬುವರ’ ಕಾರು. ಅವರ ಉದ್ದೇಶ ನಿನಗೆ ತಿಳಿದಿರುವುದಿಲ್ಲ!

ಓದಿದೆ. ಒಂದೊಂದು ಮಾತನ್ನೂ ತೆಲುಗಿಗೆ ತಿರುಗಿಸಿ ಹೇಳಿದೆ. ಕದಿರೇಶ್ ಬರೆದುಕೊಂಡ. ಮುಗಿದ ಮೇಲೆ ಪೆನ್ನು ಕೆಳಗಿಟ್ಟು, ‘ಸಾದಿಕ್ ಅಂಟೇ ಮೀರೇನಾ?’ ಎಂದ. ಹೌದು, ನಾನೇ ಎಂದೆ. ಅವನಿಗೆ ಆಮೇಲೆ ನನ್ನ ಮುಖ ನೋಡಲಾಗಲಿಲ್ಲ, ಲೈಸೆನ್ಸ್ ಕೊಟ್ಟು ಒಳಗೆ ಹೋದ.

ಪರಕೀಯನಿಗೆ ಆದ ನಾಚಿಕೆ ನಿನಗೆ ಆಗಲಿಲ್ಲವಲ್ಲೋ.

ಸಾದಿಕ್


ಶಿವಾರಪಟ್ಟಣ
12 ಡಿಸೆಂಬರ್ 2024

ಸಾದಿಕ್,

ಹೌದು. ಬರೆದವನು ನಾನೇ.

ಹತ್ತು ದಿನದಿಂದ ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ಮೊದಲು ಕಾರಣ ಬಂತು. ಇದರಲ್ಲಿ ಬರೆಯುವುದಿಲ್ಲ.

ಆ ಪಕ್ಕದ ರೂಮಿನಲ್ಲಿ ಸಾಹೇಬರು ಹಾಳೆ ಪೆನ್ನು ಕೊಟ್ಟು, ‘ಬರೆದುಕೊಟ್ಟರೆ ನಿಮ್ಮ ಹೆಸರು ಎಲ್ಲೂ ಬರಲ್ಲ ಸ್ವಾಮಿ’ ಎಂದರು. ಬೆದರಿಸಲಿಲ್ಲ, ಗೌರವವಾಗಿಯೇ ಹೇಳಿದರು. ಸಣ್ಣ ಮಾತಿಗೂ ನನ್ನ ಕೈ ನಡುಗುತ್ತದೆಂದು ನೀನು ನಗುತ್ತಿದ್ದೆಯಲ್ಲ, ಆವತ್ತು ನಡುಗಲಿಲ್ಲ. ಅಕ್ಷರ ದುಂಡಾಗಿ ಬಂತು. ಎಂಬುವರು ಎಂದು ಬರೆಯಲು ಯಾರೂ ಹೇಳಿರಲಿಲ್ಲ.

ಶಾಮಲಳಿಗೆ ನಿನ್ನೆ ಹೇಳಿದೆ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ.

ವೇಣು


ಶಿವಾರಪಟ್ಟಣ
17 ಜನವರಿ 2025

ಪ್ರಿಯ ಸಾದಿಕ್,

ನಿನ್ನೆ ಯಲ್ದೂರಿಗೆ ಹೋಗಿದ್ದೆ. ಸಂಕ್ರಾಂತಿಯೊಳಗೆ ಎಂದಿದ್ದೆ ನೀನು, ಎರಡು ದಿನ ತಡವಾಯಿತು. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮುಗಿಸಬೇಕಾಗಿತ್ತು.

ಹಬ್ಬದ ಹಿಂದಿನ ದಿನ ಕಾಂತರಾಜ್ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೆಟ್ಟ, ಸುತ್ತಿಗೆ, ಬರೆದುಕೊಟ್ಟ ಕಾಗದ, ಎಲ್ಲ. ‘ಕೆತ್ತಿರೋದು ಚೆನ್ನಾಗೇ ಇದೆ ಆಚಾರ್ರೇ. ಕಣ್ಣು ಮಾತ್ರ ಬೇರೆಯವ್ರ ಕೈಲಿ ಬರೆಸ್ತೀವಿ’ ಎಂದರು. ಕಂಕಣ ಬಿಚ್ಚಿ ಅವರ ಮನೆಯ ತುಳಸಿಗೆ ಕಟ್ಟಿ ಬಂದೆ. ಇಷ್ಟು ಬರೆದದ್ದು ನೀನು ಅಯ್ಯೋ ಎನ್ನಲಿ ಎಂದಲ್ಲ.

ಯಲ್ದೂರಿನಲ್ಲಿ ಹಾಲಿನ ಡೈರಿಯ ಮುಂದೆ ಸಂಜೆ ಹಾಲು ಹಾಕಲು ಎಲ್ಲ ಸೇರಿದ್ದರು. ಇಪ್ಪತ್ತು ಇಪ್ಪತ್ತೈದು ಜನ. ಭಾರತಮ್ಮನವರಿದ್ದರು, ಹಿರಿಯರಾದ ಮುನಿರಾಮಪ್ಪನವರಿದ್ದರು. ಮೆಟ್ಟಿಲ ಮೇಲೆ ನಿಂತೆ. ಹೇಳಿದೆ. ಸುತ್ತಿಗೆ ನನ್ನದು, ಪೂಜೆ ನನ್ನದು, ಸಾದಿಕ್ ಗಾಳಿಗೆ ಕೈ ಅಡ್ಡ ಹಿಡಿದದ್ದು ಬಿಟ್ಟರೆ ಏನೂ ಮಾಡಲಿಲ್ಲ, ಹೆದರಿ ಸುಳ್ಳು ಬರೆದುಕೊಟ್ಟವನು ನಾನು ಎಂದೆ. ಇದಕ್ಕೆ ನನ್ನ ಕೈಯ ಕೆಲಸವೂ ಹೋಯಿತು ಎಂದೆ.

ಯಾರೂ ಬೈಯಲಿಲ್ಲ, ಸಾದಿಕ್. ಕಲ್ಲು ಹೊಡೆದರೂ ಹೊಡೆಯಲಿ ಎಂದುಕೊಂಡು ಹೋಗಿದ್ದೆ. ಮುನಿರಾಮಪ್ಪನವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ‘ಈ ಕಾಲ್ದಾಗೆ ಹಿಂಗೆ ಸ್ನೇಹಕ್ಕೆ ನಿಂತ್ಕೊಳೋರು ಎಲ್ಲವ್ರೆ ಸ್ವಾಮಿ’ ಎಂದರು. ಭಾರತಮ್ಮನವರು ಕಣ್ಣೊರೆಸಿಕೊಂಡು, ಮನೆಗೆ ಕರೆದು ಮಜ್ಜಿಗೆ ಕೊಟ್ಟರು. ‘ನಿಮ್ಮಂಥೋರು ಹೇಳಿದ್ ಮ್ಯಾಕೆ ಸಾಬ್ರಿಗೆ ನಾನು ತೋಟ ಇಲ್ಲ ಅನ್ನಕಾಯ್ತದಾ’ ಎಂದರು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಬಸ್ಸಿನಲ್ಲಿ ಬರುವಾಗ ಬಹಳ ದಿನದ ಮೇಲೆ ಹಸಿವಾಯಿತು. ಶ್ರೀನಿವಾಸಪುರದಲ್ಲಿ ಇಳಿಯಲೇ ಎಂದು ನೋಡಿದೆ, ಧೈರ್ಯ ಬರಲಿಲ್ಲ.

ನಾನು ಮಾಡಿದ್ದು ಅಳಿಸಿಹೋಯಿತು ಎನ್ನುವುದಿಲ್ಲ. ಆದರೆ ಈಗಲಾದರೂ ಆ ನಂಬರು ಬಿಡಿಸು. ನಿನ್ನ ಬೈಗಳನ್ನು ನಿನ್ನ ದನಿಯಲ್ಲೇ ಕೇಳುತ್ತೇನೆ.

ನಿನ್ನ
ವೇಣು


ಶ್ರೀನಿವಾಸಪುರ
2 ಫೆಬ್ರವರಿ 2025

ವೇಣು,

ಕಣ್ಣು ಬರೆಯುವ ಕೆಲಸ ನಿನ್ನ ಕೈತಪ್ಪಿತು ಎಂದು ಓದಿದಾಗ ನನಗೆ ಖುಷಿಯಾಗಲಿಲ್ಲ. ಆಗಲಿ ಎಂದು ಎರಡು ದಿನ ಕಾದು ನೋಡಿದೆ. ನಿನ್ನ ಮೂರ್ತಿ ಹೋಗಲಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆವತ್ತು ಆ ಆಫೀಸಿನಲ್ಲಿ ‘ನಂದು ಸಾರ್’ ಎನ್ನು ಎಂದು ನಿನ್ನ ಮುಖ ನೋಡಿದ್ದೆ, ಅಷ್ಟೇ.

ನಂಬರು ಬಿಡಿಸುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಯಲ್ದೂರಿನವರು ನಿನ್ನನ್ನು ನಂಬಲಿಲ್ಲ, ವೇಣು. ಕೈ ಹಿಡಿದುಕೊಂಡರು, ಅತ್ತರು, ಮಜ್ಜಿಗೆ ಕೊಟ್ಟರು, ನಂಬಲಿಲ್ಲ. ವಿಭೂತಿ ಇಟ್ಟ ಮನುಷ್ಯ ದೇವರ ಕೆಲಸ ಕಳೆದುಕೊಂಡು ಬಂದು, ಸಾಬಿಯೊಬ್ಬನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಆ ಡೈರಿ ಮೆಟ್ಟಿಲಿನ ಮೇಲೆ ನೀನು ನಿಂತಿರುವ ಫೋಟೋ ಈಗ ಗ್ರೂಪಿನಲ್ಲಿ ಓಡಾಡುತ್ತಿದೆ, ‘ಸ್ನೇಹಿತನ ತಪ್ಪು ಹೊತ್ತ ಶಿಲ್ಪಿ’ ಎಂದು. ನಾಲ್ಕು ತಿಂಗಳ ಹಿಂದೆ ನಾನು ನಿಜ ಹೇಳಿದೆ, ಸುಳ್ಳಾಯಿತು. ನೀನು ಸುಳ್ಳು ಬರೆದೆ, ನಿಜವಾಯಿತು. ಈಗ ನಿಜ ಹೇಳಿದೆ, ದೊಡ್ಡ ಮನುಷ್ಯನಾದೆ. ನಿನ್ನ ಮೇಲೆ ಕೋಪ ಮಾಡಿಕೊಳ್ಳಲೂ ಬಿಡುವುದಿಲ್ಲ ಈ ಜನ, ‘ಅಂಥೋರ ಮ್ಯಾಲೆ ಯಾಕ್ ಸಾಬ್ರೇ ಸಿಟ್ಟು’ ಎನ್ನುತ್ತಾರೆ.

ಮೊನ್ನೆ ಭಾರತಮ್ಮನವರು ಹೇಳಿಕಳಿಸಿದರು. ಹೋದೆ. ಗೇಟು ತೆಗೆದಿತ್ತು. ಮರಗಳೆಲ್ಲ ಹೂವು, ಈ ವರ್ಷದಷ್ಟು ಹೂವು ನಾನು ನೋಡಿಲ್ಲ. ಮುನೇಶ್ವರನ ಕಲ್ಲಿನ ಸುತ್ತ ಹೊಸದಾಗಿ ತಂತಿ ಬೇಲಿ ಹಾಕಿಸಿ ಬೀಗ ಜಡಿದಿದ್ದರು. ಅವರು ನನ್ನ ಪಕ್ಕ ನಡೆಯುತ್ತಾ ಬಂದರು, ಮನೆಯವರಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

‘ಆಗಿದ್ದಾಯ್ತು ಬಿಡಿ ಸಾಬ್ರೇ. ಮನುಷ್ಯ ಅಂದ್ಮೇಲೆ ಆಸೆ. ಅಂಥಾ ಸ್ನೇಹಿತನ ಮುಖ ನೋಡ್ಕೊಂಡಾದ್ರೂ ಇನ್ನ ಆ ಕೆಲಸ ಬಿಟ್ಬಿಡಿ. ಬಿಡ್ತೀರಲ್ವಾ?’

ನಾನು ಆ ಕೆಲಸ ಮಾಡಿಯೇ ಇಲ್ಲ ಎಂದು ಕೂಗಬೇಕಿತ್ತು. ಬಾಯಿ ತೆರೆದೂ ತೆರೆದೆ. ಅವರು ಕಾಯುತ್ತಾ ನಿಂತಿದ್ದರು. ನಾನು ಇಲ್ಲ ಎಂದಿದ್ದರೆ ಗೇಟಿನಾಚೆಗೆ ಹೋಗಬೇಕಾಗಿತ್ತು, ಆಚೆ ರಸ್ತೆಯಲ್ಲಿ ಇನ್ನೊಬ್ಬ ವ್ಯಾಪಾರಿಯ ಬೈಕು ನಿಂತಿತ್ತು.

‘ಬಿಡ್ತೀನಮ್ಮಾ’ ಎಂದೆ.

ನನ್ನ ದನಿಯೂ ನಡುಗಲಿಲ್ಲ. ನಿನಗೆ ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಬೇರೆ ಯಾರಿಗೆ ಬರೆಯಲಿ? ಮೆಹ್ರೀನ್‌ಗೆ ಹೇಳಿಲ್ಲ, ಮಾತು ಮುಗಿಯಿತು ಎಂದಷ್ಟೇ ಹೇಳಿದ್ದೇನೆ. ನಿನ್ನನ್ನು ಕ್ಷಮಿಸಲು ನನಗೆ ಆಗುವುದಿಲ್ಲ, ಅದನ್ನು ಕೇಳಬೇಡ. ಇನ್ನು ಮುಂದೆ ಕಾಗದವನ್ನೂ ಬರೆಯಬೇಡ.

ತೋಟ ಸಿಕ್ಕಿತು. ಹತ್ತೊಂಬತ್ತು ವರ್ಷ ನಂಬಿ ಕೊಡುತ್ತಿದ್ದ ತೋಟವನ್ನು ಅವರು ಈ ವರ್ಷ ಕ್ಷಮಿಸಿ ಕೊಟ್ಟಿದ್ದಾರೆ.

ಸಾದಿಕ್